ಯಾವ ಕೋರ್ಟಿನ ಮೆಟ್ಟಿಲು ಹತ್ತಬೇಕು? ಅದನ್ನು ಹೇಳುವವರು ಯಾರು?

2025ರ ನವೆಂಬರ್ 19ರಂದು ಸುಪ್ರೀಂ ಕೋರ್ಟ್, 2021ರ ನ್ಯಾಯಮಂಡಳಿ ಸುಧಾರಣಾ ಕಾಯ್ದೆಯ ಮುಖ್ಯ ಸೆಕ್ಷನ್‌ಗಳನ್ನು ರದ್ದು ಮಾಡಿತು. ನ್ಯಾಯಮಂಡಳಿ ಎಂದರೆ ನಿರ್ದಿಷ್ಟ ಬಗೆಯ ವ್ಯಾಜ್ಯ ಕೇಳಲೆಂದೇ ರಚಿಸಿದ ಟ್ರಿಬ್ಯುನಲ್. ಅದರ ಸದಸ್ಯರಾಗಲು ಕನಿಷ್ಠ 50 ವರ್ಷ ತುಂಬಿರಬೇಕು, ಅಧಿಕಾರಾವಧಿ ನಾಲ್ಕೇ ವರ್ಷ, ಪ್ರತಿ ಹುದ್ದೆಗೂ ಆಯ್ಕೆ ಸಮಿತಿ ಎರಡು ಹೆಸರು ಕಳಿಸಬೇಕು, ಅವುಗಳಲ್ಲಿ ಒಂದನ್ನು ಸರ್ಕಾರ ಆರಿಸಿಕೊಳ್ಳುತ್ತದೆ ಎಂಬುದು ಆ ಸೆಕ್ಷನ್‌ಗಳ ಸಾರ. ಇದನ್ನು ಹಿಂದೆಲ್ಲೋ ಕೇಳಿದಂತಿದೆ ಎನಿಸಿದರೆ ಅನುಮಾನ ಸರಿಯೇ. ಇವೇ ಅಂಶಗಳು 2021ರ ಏಪ್ರಿಲ್‌ನ ಸುಗ್ರೀವಾಜ್ಞೆಯಲ್ಲಿದ್ದವು. ಅದೇ ವರ್ಷ ಜುಲೈ 14ರಂದು ಕೋರ್ಟ್ ಅವನ್ನು ತೆಗೆದುಹಾಕಿತ್ತು. ಒಂದು ತಿಂಗಳು ತುಂಬುವ ಮೊದಲೇ ಹೆಚ್ಚುಕಡಿಮೆ ಅದೇ ಮಾತುಗಳು ಸಂಸತ್ತಿನ ಕಾಯ್ದೆಯ ವೇಷದಲ್ಲಿ ಮರಳಿದವು.

ಇಂಥ ಸುದ್ದಿ ಬಂದಾಗಲೆಲ್ಲ ಸಂಸತ್ತು ದೊಡ್ಡದೋ ಕೋರ್ಟ್ ದೊಡ್ಡದೋ ಎಂಬ ಚರ್ಚೆ ಏಳುತ್ತದೆ. ಅದು ಹೆಚ್ಚು ದೂರ ಹೋಗುವ ಚರ್ಚೆಯಲ್ಲ. ಕೇಳಬೇಕಾದ ಪ್ರಶ್ನೆ ಇನ್ನೂ ಸಣ್ಣದು: ಈ ಕೋರ್ಟಿನ ಈ ಅಧಿಕಾರ ಬಂದಿರುವುದು ಕಾಯ್ದೆಯಿಂದಲೋ ಸಂವಿಧಾನದಿಂದಲೋ? ಕಾಯ್ದೆಯಿಂದ ಬಂದದ್ದನ್ನು ಶಾಸಕಾಂಗ ಕೊಡಬಹುದು, ಕಿತ್ತುಕೊಳ್ಳಬಹುದು, ಬೇರೆ ಕಡೆಗೆ ಸಾಗಿಸಬಹುದು. ಸಂವಿಧಾನದಿಂದ ಬಂದದ್ದರ ಮೇಲೆ ಆ ಆಟ ನಡೆಯುವುದಿಲ್ಲ. ಜನಸಾಮಾನ್ಯರ ಬಹುಪಾಲು ವ್ಯಾಜ್ಯಗಳು ಮೊದಲ ಬಗೆಯವು ಎನ್ನುವುದನ್ನು ನಾವು ಮರೆಯುತ್ತೇವೆ.

ರೂಪಾಯಿ, ಊರು, ವಿಷಯ

ಅಧಿಕಾರ ಹಂಚುವ ಲೆಕ್ಕ ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ಸುಪ್ರೀಂ ಕೋರ್ಟಿನ ರಚನೆ ಮತ್ತು ಅಧಿಕಾರವ್ಯಾಪ್ತಿ ಕೇಂದ್ರ ಪಟ್ಟಿಯ 77ನೇ ನಮೂದು, ಹೈಕೋರ್ಟ್‌ಗಳ ರಚನೆ 78ನೆಯದು. ಕೆಳಗಿನ ಕೋರ್ಟ್‌ಗಳ ರಚನೆ ಮತ್ತು ನ್ಯಾಯಾಡಳಿತ ಮೊದಲು ರಾಜ್ಯ ಪಟ್ಟಿಯಲ್ಲಿತ್ತು. 42ನೇ ತಿದ್ದುಪಡಿ ಅದನ್ನು ಎತ್ತಿ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ 11ಎ ನಮೂದಾಗಿ ಕೂರಿಸಿತು. ಇವಲ್ಲದೆ, ತನ್ನ ಪಟ್ಟಿಯ ವಿಷಯಗಳಲ್ಲಿ ಯಾವ ಕೋರ್ಟಿಗೆ ಎಷ್ಟು ಅಧಿಕಾರ ಎಂದು ಹೇಳಲು ಕೇಂದ್ರಕ್ಕೆ 95ನೇ ನಮೂದು, ರಾಜ್ಯಕ್ಕೆ 65ನೇ ನಮೂದು ಇದೆ. ರಾಜ್ಯವೊಂದು ಸಿವಿಲ್ ಕೋರ್ಟ್ ಕಟ್ಟಿ ಅದಕ್ಕೆ ಎಲ್ಲ ಬಗೆಯ ದಾವೆ ಕೇಳುವ ಸಾಮಾನ್ಯ ಅಧಿಕಾರ ಕೊಡಬಹುದೇ ಎಂಬ ಪ್ರಶ್ನೆ ಬಾಂಬೆ ಸಿಟಿ ಸಿವಿಲ್ ಕೋರ್ಟಿನ ವಿಷಯದಲ್ಲಿ ಎದ್ದು, ಕೊಡಬಹುದು ಎಂದು 1950ರಲ್ಲೇ ತೀರ್ಮಾನವಾಗಿದೆ. 1979ರ ಕಾಯ್ದೆಯಿಂದ ಹುಟ್ಟಿದ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ನಿಂತಿರುವುದೂ ಈ ತಳಹದಿಯ ಮೇಲೆಯೇ. ಆದರೆ ಬ್ಯಾಂಕ್ ಸಾಲದ ಮೊಕದ್ದಮೆಯನ್ನು ಆ ಕೋರ್ಟಿನಿಂದ ತೆಗೆದು ಸಾಲ ವಸೂಲಿ ನ್ಯಾಯಮಂಡಳಿಗೆ ಒಯ್ಯುವುದು ಸಂಸತ್ತಿನ ಕೈಯಲ್ಲಿದೆ, ಏಕೆಂದರೆ ಬ್ಯಾಂಕಿಂಗ್ ಕೇಂದ್ರದ ವಿಷಯ.

ಮೊದಲ ಅಳತೆಗೋಲು ಮೊತ್ತ. ಬ್ಯಾಂಕಿನ ಬಾಕಿ 20 ಲಕ್ಷ ರೂಪಾಯಿ ಅಥವಾ ಮೇಲಿದ್ದರೆ ಸಾಲ ವಸೂಲಿ ನ್ಯಾಯಮಂಡಳಿ, ಕಡಿಮೆಯಿದ್ದರೆ ಸಿವಿಲ್ ಕೋರ್ಟ್. 2018ರ ಸೆಪ್ಟೆಂಬರ್‌ವರೆಗೆ ಈ ಗಡಿ 10 ಲಕ್ಷವಿತ್ತು. ವಾಣಿಜ್ಯ ವ್ಯಾಜ್ಯಗಳ ಗಡಿ 2015ರಲ್ಲಿ 1 ಕೋಟಿ ಇದ್ದದ್ದು 2018ರಲ್ಲಿ ಒಮ್ಮೆಲೇ 3 ಲಕ್ಷಕ್ಕೆ ಇಳಿಯಿತು. ಸಣ್ಣ ವ್ಯಾಪಾರಿಗಳು ತಮ್ಮ ಬಾಕಿ ವಸೂಲಿಗೂ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದದ್ದು ಹೀಗೆ. ಅಲ್ಲಿ ತುರ್ತು ಪರಿಹಾರ ಕೇಳದ ದಾವೆಯಾದರೆ ವಾಣಿಜ್ಯ ನ್ಯಾಯಾಲಯ ಕಾಯ್ದೆಯ 12ಎ ಸೆಕ್ಷನ್ ಪ್ರಕಾರ ಮೊದಲು ಮಧ್ಯಸ್ಥಿಕೆಗೆ (ಮೀಡಿಯೇಷನ್) ಹೋಗಿ ಬರಬೇಕು. ಇದು ಕಡ್ಡಾಯ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಆ ಹೆಜ್ಜೆ ತಪ್ಪಿಸಿದ ವಾದಪತ್ರ ತಿರಸ್ಕೃತವಾಗುತ್ತದೆ.

ಗ್ರಾಹಕ ಆಯೋಗಗಳ ಮಿತಿ ಬದಲಾದ ರೀತಿ ಇನ್ನೂ ಗಮನಿಸಬೇಕಾದದ್ದು. 2019ರ ಕಾಯ್ದೆ ಜಿಲ್ಲಾ ಆಯೋಗಕ್ಕೆ 1 ಕೋಟಿವರೆಗೆ, ರಾಜ್ಯ ಆಯೋಗಕ್ಕೆ 10 ಕೋಟಿವರೆಗೆ ಕೊಟ್ಟಿತ್ತು. 2021ರ ಡಿಸೆಂಬರ್‌ನಲ್ಲಿ ಜಿಲ್ಲೆಗೆ 50 ಲಕ್ಷ, ರಾಜ್ಯಕ್ಕೆ 2 ಕೋಟಿ ಎಂದಾಯಿತು. ಇದಕ್ಕೆ ಸಂಸತ್ತು ಸೇರಲಿಲ್ಲ. ಕಾಯ್ದೆ ಕೊಟ್ಟ ಅಧಿಕಾರ ಬಳಸಿ ಕೇಂದ್ರ ಸರ್ಕಾರ ನಿಯಮ ಹೊರಡಿಸಿತು, ಅಷ್ಟೇ. ಇಲ್ಲಿ ದೂರುದಾರರು ಪದೇ ಪದೇ ಎಡವುವ ಒಂದು ಕಲ್ಲಿದೆ: ಲೆಕ್ಕಕ್ಕೆ ಬರುವುದು ನೀವು ಕೇಳುವ ಪರಿಹಾರದ ಮೊತ್ತವಲ್ಲ, ಸರಕು ಅಥವಾ ಸೇವೆಗೆ ನೀವು ಕೊಟ್ಟ ಹಣ. 60 ಲಕ್ಷ ಕೊಟ್ಟು ಫ್ಲ್ಯಾಟ್ ಕೊಂಡವರು 5 ಲಕ್ಷ ಪರಿಹಾರ ಕೇಳಿದರೂ ಹೋಗಬೇಕಾದದ್ದು ರಾಜ್ಯ ಆಯೋಗಕ್ಕೆ.

ಊರಿನ ಲೆಕ್ಕ ಸಿವಿಲ್ ಪ್ರಕ್ರಿಯಾ ಸಂಹಿತೆಯ 15ರಿಂದ 20ನೇ ಸೆಕ್ಷನ್‌ಗಳಲ್ಲಿದೆ. ಕೇಳಲು ಅಧಿಕಾರವಿರುವ ಅತಿ ಕೆಳಗಿನ ಕೋರ್ಟಿನಲ್ಲೇ ದಾವೆ ಶುರುವಾಗಬೇಕು. ಜಮೀನು, ಮನೆಯ ವ್ಯಾಜ್ಯ ಆ ಆಸ್ತಿ ಇರುವ ಕಡೆ. ಉಳಿದವು ಪ್ರತಿವಾದಿ ವಾಸಿಸುವ ಕಡೆ ಅಥವಾ ವ್ಯಾಜ್ಯಕಾರಣ ಪೂರ್ತಿಯಾಗಿಯೋ ಭಾಗಶಃವೋ ಹುಟ್ಟಿದ ಕಡೆ. ಕರಾರುಪತ್ರದ ಕೊನೆಯಲ್ಲಿ 'ಇಂಥ ಊರಿನ ಕೋರ್ಟಿಗೆ ಮಾತ್ರ' ಎಂದು ಸಣ್ಣಕ್ಷರದಲ್ಲಿ ಬರೆದಿದ್ದರೆ ಅದು ನಡೆಯುತ್ತದೆ, ಆ ಊರಿನ ಕೋರ್ಟಿಗೆ ಕಾನೂನಿನ ಪ್ರಕಾರ ಮೊದಲೇ ಅಧಿಕಾರ ಇದ್ದಿದ್ದರೆ ಮಾತ್ರ. ಇಲ್ಲದ ಅಧಿಕಾರವನ್ನು ಇಬ್ಬರು ಸಹಿ ಹಾಕಿ ಹುಟ್ಟಿಸಲಾಗದು.

ಶಾಸಕಾಂಗ ಮತ್ತು ಕೋರ್ಟ್ ಊರಿನ ಪ್ರಶ್ನೆಯನ್ನು ಚೆಂಡಿನಂತೆ ಆಡಿದ್ದನ್ನು ನೋಡಬೇಕೆಂದರೆ ಚೆಕ್ ಬೌನ್ಸ್ ಮೊಕದ್ದಮೆಗಳ ಕಥೆ ಓದಬೇಕು. ಚೆಕ್ ಬರೆದ ಜಾಗ, ಬ್ಯಾಂಕಿಗೆ ಹಾಕಿದ ಜಾಗ, ಅದು ವಾಪಸಾದ ಜಾಗ, ನೋಟಿಸ್ ಕೊಟ್ಟ ಜಾಗ, ಹಣ ಕೊಡದೆ ಉಳಿದ ಜಾಗ, ಈ ಐದರಲ್ಲಿ ಯಾವ ಕಡೆಯಾದರೂ ದೂರು ಕೊಡಬಹುದು ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಾಲ ಕೊಟ್ಟವರು ಸಾಲಗಾರನಿಗೆ ಅತಿ ದೂರದ ಊರನ್ನೇ ಆರಿಸತೊಡಗಿದರು. 2014ರ ಆಗಸ್ಟ್ 1ರಂದು ಮೂವರು ನ್ಯಾಯಮೂರ್ತಿಗಳ ಪೀಠ ಲಗಾಮು ಎಳೆದು, ಚೆಕ್ ಬರೆದವನ ಬ್ಯಾಂಕ್ ಶಾಖೆ ಇರುವ ಊರಿನಲ್ಲಿ ಮಾತ್ರ ಎಂದಿತು. ಸಾಕ್ಷ್ಯದ ಹಂತ ಮುಟ್ಟದ ದೂರುಗಳೆಲ್ಲ ವಾಪಸಾದವು, ದೂರುದಾರರು ಬೇರೆ ಊರಿಗೆ ಗಂಟುಮೂಟೆ ಕಟ್ಟಿದರು. ವರ್ಷ ತುಂಬುವ ಮುನ್ನವೇ, 2015ರ ಜೂನ್‌ನಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ತಿದ್ದುಪಡಿ ಕಾಯ್ದೆ. ಈಗ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 142ನೇ ಸೆಕ್ಷನ್‌ನ 2ನೇ ಉಪ ಸೆಕ್ಷನ್ ಪ್ರಕಾರ, ಖಾತೆಯ ಮೂಲಕ ಹಾಕಿದ ಚೆಕ್ ಆಗಿದ್ದರೆ ಹಣ ಪಡೆಯಬೇಕಾದವರ ಖಾತೆ ಇರುವ ಶಾಖೆಯ ಊರೇ ದೂರಿನ ಊರು. ವಾಪಸಾಗಿದ್ದ ಕಡತಗಳು ಮತ್ತೆ ಪ್ರಯಾಣ ಹೊರಟವು. ಕೋರ್ಟಿನ ವ್ಯಾಖ್ಯಾನವನ್ನು ಸಂಸತ್ತು ತಲೆಕೆಳಗು ಮಾಡಿದ್ದು ನಿಜ, ಅದು ಪೂರ್ತಿ ಸಕ್ರಮವೂ ಹೌದು. ಯಾಕೆ ಸಕ್ರಮ ಎಂಬುದಕ್ಕೆ ಮುಂದೆ ಬರೋಣ.

ಮೂರನೆಯದು ವಿಷಯ. ಕರ್ನಾಟಕದ ಜಮೀನು ವ್ಯಾಜ್ಯಗಳಲ್ಲಿ ಅನೇಕರು ಸೋಲುವುದು ಇಲ್ಲಿ. ಭೂಸುಧಾರಣಾ ಕಾಯ್ದೆಯ 132ನೇ ಸೆಕ್ಷನ್ ಸಿವಿಲ್ ಕೋರ್ಟನ್ನು ದೂರ ಇಡುತ್ತದೆ. ದಾವೆಯ ನಡುವೆ ಗೇಣಿದಾರಿಕೆಯ ಪ್ರಶ್ನೆ ಎದ್ದರೆ 133ರ ಪ್ರಕಾರ ಕೋರ್ಟ್ ದಾವೆ ತಡೆದು ಆ ಪ್ರಶ್ನೆಯನ್ನು ಭೂ ನ್ಯಾಯಮಂಡಳಿಗೆ ಕಳಿಸಬೇಕು. ಪಹಣಿಯಲ್ಲಿ ಹೆಸರು ತಪ್ಪು ಬಂದಿದ್ದರೆ ಭೂಕಂದಾಯ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಅಲ್ಲಿಂದ ಜಿಲ್ಲಾಧಿಕಾರಿಗೆ ಪುನರೀಕ್ಷಣೆ. ಆದರೆ ಜಮೀನು ಯಾರದು ಎಂಬ ಹಕ್ಕಿನ ಪ್ರಶ್ನೆ ಉಪವಿಭಾಗಾಧಿಕಾರಿಯ (ಎ.ಸಿ.) ಕೋರ್ಟಿನಲ್ಲಿ ತೀರುವುದಿಲ್ಲ. ಅದಕ್ಕೆ ಸಿವಿಲ್ ಕೋರ್ಟೇ ಬೇಕು, ಅಲ್ಲಿ ಬಂದ ಡಿಕ್ರಿಗೆ ತಕ್ಕಂತೆ ಪಹಣಿ ತಿದ್ದಬೇಕು. ಹಕ್ಕಿನ ಜಗಳವನ್ನು ಹತ್ತು ವರ್ಷ ಕಂದಾಯ ಅಧಿಕಾರಿಗಳ ಮುಂದೆ ಎಳೆದಾಡಿ, ಕೊನೆಗೆ ಸಿವಿಲ್ ದಾವೆಯ ಕಾಲಮಿತಿ ಮೀರಿತೇ ಎಂದು ಕೇಳಿಕೊಂಡು ಬರುವುದು ವಕೀಲರ ಕಚೇರಿಗಳಲ್ಲಿ ಹಳೆಯ ದೃಶ್ಯ.

ತಪ್ಪು ಬಾಗಿಲು ತಟ್ಟಿದರೆ ಏನಾಗುತ್ತದೆ ಎಂಬುದು ತಪ್ಪು ಯಾವುದು ಎನ್ನುವುದನ್ನು ಅವಲಂಬಿಸಿದೆ. ವಿಷಯದ ಮೇಲೆಯೇ ಅಧಿಕಾರವಿಲ್ಲದ ಕೋರ್ಟ್ ಕೊಟ್ಟ ಡಿಕ್ರಿ ಶೂನ್ಯ. ಜಾರಿಯ ಹಂತದಲ್ಲೂ, ಬೇರೊಂದು ದಾವೆಯಲ್ಲೂ ಅದನ್ನು ಪ್ರಶ್ನಿಸಬಹುದು, ಎದುರಾಳಿ ಒಪ್ಪಿಕೊಂಡಿದ್ದರೂ ಅದು ಬದುಕುವುದಿಲ್ಲ ಎಂದು 1954ರ ಕಿರಣ್ ಸಿಂಗ್ ತೀರ್ಪು ಹೇಳುತ್ತದೆ. ಊರು ಅಥವಾ ಮೊತ್ತದ ತಪ್ಪು ಇಷ್ಟು ಘೋರವಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಸೆಕ್ಷನ್ ಪ್ರಕಾರ ಆ ಆಕ್ಷೇಪವನ್ನು ಮೊದಲ ಅವಕಾಶದಲ್ಲೇ, ವಿವಾದಾಂಶ ರೂಪಿಸುವುದಕ್ಕೆ ಮೊದಲೇ ಎತ್ತಬೇಕು. ಹಾಗೆ ಎತ್ತಿದ್ದರೂ, ನ್ಯಾಯಕ್ಕೆ ಧಕ್ಕೆಯಾಗಿದೆ ಎಂದು ತೋರಿಸದ ಹೊರತು ಮೇಲಿನ ಕೋರ್ಟ್ ಕಿವಿಗೊಡುವುದಿಲ್ಲ. ಆಕ್ಷೇಪ ಸರಿಯೆನಿಸಿದರೆ ಅದೇ ಸಂಹಿತೆಯ 7ನೇ ಆದೇಶದ 10ನೇ ನಿಯಮದಡಿ ವಾದಪತ್ರ ವಾಪಸಾಗುತ್ತದೆ. ಹೊಸ ಕೋರ್ಟಿನಲ್ಲಿ ದಾವೆ ಮೊದಲಿನಿಂದ ಶುರು. ಹಳೆಯ ಕೋರ್ಟಿನಲ್ಲಿ ಮುಗಿದ ಪಾಟೀಸವಾಲು ಮುಂದುವರಿಯುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿದೆ. ಕಳೆದುಹೋದ ಸಮಯಕ್ಕೆ ಕಾಲಮಿತಿ ಕಾಯ್ದೆಯ 14ನೇ ಸೆಕ್ಷನ್ ರಕ್ಷಣೆಯಿದೆ, ಆದರೆ ಹಳೆಯ ಕೋರ್ಟಿನಲ್ಲಿ ಶ್ರದ್ಧೆಯಿಂದ, ಸದ್ಭಾವನೆಯಿಂದ ನಡೆಸಿದ್ದಿರಿ ಎಂದು ತೋರಿಸಬೇಕು. ವಕೀಲರು ಎಚ್ಚರಿಸಿದ ಮೇಲೂ ಹಟ ಹಿಡಿದು ಕೂತಿದ್ದರೆ ಆ ರಕ್ಷಣೆ ಕೈಕೊಡಬಹುದು.

'ಯಾವ ಕೋರ್ಟೂ ಪ್ರಶ್ನಿಸತಕ್ಕದ್ದಲ್ಲ'

ಅನೇಕ ಕಾಯ್ದೆಗಳ ಬಾಲದಲ್ಲಿ ಇಂಥದೊಂದು ವಾಕ್ಯ ಇರುತ್ತದೆ. ಓದಿದವರು ಎದೆಗುಂದುತ್ತಾರೆ. ಸಿವಿಲ್ ಕೋರ್ಟಿಗೆ ಸಂಬಂಧಿಸಿ ಹೇಳುವುದಾದರೆ, ಸಂಹಿತೆಯ 9ನೇ ಸೆಕ್ಷನ್ ಎಲ್ಲ ಸಿವಿಲ್ ಸ್ವರೂಪದ ದಾವೆಗಳನ್ನೂ ಕೇಳಲು ಅಧಿಕಾರ ಕೊಡುತ್ತದೆ. ನಿಷೇಧ ಇದೆ ಎನ್ನುವವರೇ ಅದನ್ನು ಸಾಧಿಸಬೇಕು. 1968ರ ಧುಲಾಭಾಯಿ ತೀರ್ಪಿನ ತಿರುಳು ಇಷ್ಟು: ಆ ಕಾಯ್ದೆ ತಾನೇ ಸಾಕಷ್ಟು ಪರಿಹಾರ ಕೊಟ್ಟಿದೆಯೇ ನೋಡಿ. ಕೊಟ್ಟಿದ್ದರೆ ನಿಷೇಧ ನಿಲ್ಲುತ್ತದೆ. ಆಗಲೂ ಅಧಿಕಾರಿ ಕಾಯ್ದೆಯ ವಿಧಿಗಳನ್ನೇ ಪಾಲಿಸದಿದ್ದರೆ, ಎದುರಿನವರ ಮಾತನ್ನೂ ಕೇಳಬೇಕೆಂಬಂಥ ಸಹಜ ನ್ಯಾಯದ ಮೂಲ ನಿಯಮ ಮುರಿದಿದ್ದರೆ ಕೋರ್ಟ್ ಒಳಬರಬಹುದು.

ಹೈಕೋರ್ಟಿನ ವಿಷಯ ಬೇರೆ. ಅದರ ರಿಟ್ ಅಧಿಕಾರ, ಅಂದರೆ ಸರ್ಕಾರದ ಆದೇಶಗಳನ್ನು ಪರಿಶೀಲಿಸುವ ಅಧಿಕಾರ, ಸಂವಿಧಾನದ 226ನೇ ವಿಧಿಯದು, ಕಾಯ್ದೆಯ ಬಾಲ ಅಲ್ಲಿಗೆ ಎಟುಕುವುದಿಲ್ಲ. ಸಂವಿಧಾನ ತಿದ್ದಿದರೆ ಎಟುಕೀತೇ? ಆ ಪ್ರಯೋಗವೂ ಆಗಿದೆ. ನ್ಯಾಯಮಂಡಳಿಗಳ ವಿಷಯದಲ್ಲಿ ಹೈಕೋರ್ಟನ್ನು ಹೊರಗಿಡಲು 42ನೇ ತಿದ್ದುಪಡಿ 323ಎ ಮತ್ತು 323ಬಿ ವಿಧಿಗಳಲ್ಲಿ ದಾರಿ ತೆರೆದಿತ್ತು. ಸರ್ಕಾರಿ ನೌಕರರ ಬಡ್ತಿ, ವರ್ಗಾವಣೆಯ ವ್ಯಾಜ್ಯಗಳು ಆಡಳಿತ ನ್ಯಾಯಮಂಡಳಿಗೆ, ಅಲ್ಲಿಂದ ನೇರ ಸುಪ್ರೀಂ ಕೋರ್ಟಿಗೆ ಎಂಬುದು ಯೋಜನೆ. 1997ರ ಮಾರ್ಚ್ 18ರಂದು ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆ ಭಾಗಗಳನ್ನೇ ಅಳಿಸಿತು. 226 ಮತ್ತು 32ನೇ ವಿಧಿಗಳ ಪರಿಶೀಲನಾಧಿಕಾರ, ತಿದ್ದುಪಡಿಯಿಂದಲೂ ಮುಟ್ಟಲಾಗದ ಸಂವಿಧಾನದ ಮೂಲ ರಚನೆಯ ಭಾಗ, ನ್ಯಾಯಮಂಡಳಿ ಅದಕ್ಕೆ ಪೂರಕವೇ ಹೊರತು ಬದಲಿಯಲ್ಲ ಎಂದಿತು. ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಆದೇಶದ ವಿರುದ್ಧ ನೌಕರರು ಇಂದು ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಹೋಗುವುದು ಈ ತೀರ್ಪಿನ ಫಲ.

ಅಮೆರಿಕದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಮಿಸಿಸಿಪ್ಪಿಯ ಪತ್ರಿಕಾ ಸಂಪಾದಕ ಮೆಕಾರ್ಡಲ್‌ನ ಬಂಧನದ ಮೇಲ್ಮನವಿಯಲ್ಲಿ ವಾದ ಮುಗಿದಿತ್ತು. ತೀರ್ಪು ಬರುವ ಮೊದಲೇ 1868ರಲ್ಲಿ ಕಾಂಗ್ರೆಸ್ ಆ ಮೇಲ್ಮನವಿಗೆ ಆಧಾರವಾಗಿದ್ದ ಕಾನೂನನ್ನೇ ಹಿಂತೆಗೆಯಿತು, ಮರುವರ್ಷ ಸುಪ್ರೀಂ ಕೋರ್ಟ್ ತನಗೆ ಅಧಿಕಾರವಿಲ್ಲ ಎಂದು ಕೈಚೆಲ್ಲಿತು. ಅಲ್ಲಿನ ಸಂವಿಧಾನವೇ ಮೇಲ್ಮನವಿ ಅಧಿಕಾರಕ್ಕೆ ಕಾಂಗ್ರೆಸ್ ವಿನಾಯಿತಿ ಹಾಕಬಹುದು ಎನ್ನುತ್ತದೆ. ನಮ್ಮಲ್ಲಿ 32, 136, 226ನೇ ವಿಧಿಗಳು ಸಂವಿಧಾನದ ಒಡಲಲ್ಲೇ ಇವೆ. ತುರ್ತುಪರಿಸ್ಥಿತಿಯಲ್ಲಿ ಪ್ರಧಾನಿಯ ಚುನಾವಣಾ ವಿವಾದವನ್ನು ಕೋರ್ಟಿನಿಂದ ಆಚೆ ಇಡಲು 39ನೇ ತಿದ್ದುಪಡಿ ತಂದ ನಿಯಮ ಮೂರೇ ತಿಂಗಳಲ್ಲಿ, 1975ರ ನವೆಂಬರ್ 7ರಂದು ಬಿತ್ತು. ಸಂವಿಧಾನ ತಿದ್ದುಪಡಿಗಳನ್ನು ಕೋರ್ಟ್ ನೋಡಲೇಬಾರದು ಎಂಬ ಸಾಲು 1980ರ ಮಿನರ್ವ ಮಿಲ್ಸ್ ತೀರ್ಪಿನಲ್ಲಿ ಬಿತ್ತು. ಕೋರ್ಟಿನ ಪರಿಶೀಲನೆ ತಟ್ಟದಿರಲೆಂದು ಒಂಬತ್ತನೇ ಅನುಸೂಚಿಯ ಕಪಾಟಿನಲ್ಲಿ ಇಟ್ಟ ಕಾಯ್ದೆಗಳನ್ನೂ, 1973ರ ಏಪ್ರಿಲ್ 24ರ ನಂತರ ಸೇರಿಸಿದ್ದರೆ, ಮೂಲ ರಚನೆಯ ಒರೆಗಲ್ಲಿಗೆ ತಿಕ್ಕಬಹುದು ಎಂದು 2007ರಲ್ಲಿ ಹೇಳಲಾಯಿತು.

ಹಾಗೆಂದು ಸಂವಿಧಾನ ತಾನೇ ಹಾಕಿದ ಅಗುಳಿಗಳು ಇಲ್ಲವೆಂದಲ್ಲ. ಚುನಾವಣೆ ನಡೆಯುತ್ತಿರುವಾಗ ನಾಮಪತ್ರ ತಿರಸ್ಕಾರ ಪ್ರಶ್ನಿಸಿ ರಿಟ್ ಹಾಕಿದರೆ 329ನೇ ವಿಧಿ ಅಡ್ಡ ಬರುತ್ತದೆ. ಫಲಿತಾಂಶ ಬಂದು 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕುವುದೇ ದಾರಿ. ಅಂತರರಾಜ್ಯ ನದಿ ವಿವಾದದಲ್ಲಿ 262ನೇ ವಿಧಿ ಮತ್ತು 1956ರ ಕಾಯ್ದೆಯ 11ನೇ ಸೆಕ್ಷನ್ ಸೇರಿ ಸುಪ್ರೀಂ ಕೋರ್ಟನ್ನೂ ಹೊರಗಿಡುತ್ತವೆ. ಹಾಗಿದ್ದರೆ ಕಾವೇರಿ ಹೇಗೆ ಅಲ್ಲಿಗೆ ಹೋಯಿತು? ನಿಷೇಧ ಇರುವುದು ಮೂಲ ವಿವಾದವನ್ನು ಕೇಳುವುದಕ್ಕೆ, ನ್ಯಾಯಮಂಡಳಿಯ ತೀರ್ಪಿನ ಮೇಲೆ 136ನೇ ವಿಧಿಯ ವಿಶೇಷ ಮೇಲ್ಮನವಿ ಕೇಳುವುದಕ್ಕಲ್ಲ ಎಂದು 2016ರ ಡಿಸೆಂಬರ್ 9ರಂದು ಕೋರ್ಟ್ ಓದಿಕೊಂಡಿತು. ಆ ಒಂದು ಓದಿನಿಂದಲೇ 2018ರ ಫೆಬ್ರುವರಿ 16ರ ತೀರ್ಪು ಸಾಧ್ಯವಾಗಿ, ಕರ್ನಾಟಕಕ್ಕೆ 14.75 ಟಿಎಂಸಿ ಅಡಿ ಹೆಚ್ಚುವರಿ ಸಿಕ್ಕಿತು, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರು 192ರಿಂದ 177.25 ಟಿಎಂಸಿ ಅಡಿಗೆ ಇಳಿಯಿತು.

ತೀರ್ಪು ಅಳಿಸುವುದು, ಬುಡ ಬದಲಿಸುವುದು

ಈಗ ಚೆಕ್ ಪ್ರಶ್ನೆಗೆ. ತೀರ್ಪು ಹಿಡಿಸದಿದ್ದರೆ ಶಾಸಕಾಂಗ ಏನು ಮಾಡಬಹುದು? 1969ರ ಪೃಥ್ವಿ ಕಾಟನ್ ಮಿಲ್ಸ್ ತೀರ್ಪು ಕೊಟ್ಟ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ: ಬದಲಾದ ಕಾನೂನು ಅಂದೇ ಇದ್ದಿದ್ದರೆ ಕೋರ್ಟ್ ಆ ತೀರ್ಪು ಕೊಡುತ್ತಿತ್ತೇ? ಕೊಡುತ್ತಿರಲಿಲ್ಲ ಎಂದಾದರೆ ಶಾಸಕಾಂಗ ತೀರ್ಪಿನ ಬುಡ ಬದಲಿಸಿದೆ, ಸರಿ. ಕಾನೂನು ಹಾಗೆಯೇ ಉಳಿದು 'ಆ ತೀರ್ಪು ನಮಗೆ ಅನ್ವಯಿಸದು' ಎಂದಷ್ಟೇ ಬರೆದಿದ್ದರೆ ಅದು ಶಾಸನವಲ್ಲ, ಮೇಲ್ಮನವಿ ಕೋರ್ಟಿನ ಕುರ್ಚಿಯಲ್ಲಿ ಕೂತಂತೆ. ಊರು ಯಾವುದೆಂದು ಹೇಳುವ ಸೆಕ್ಷನ್ ಅನ್ನೇ 2015ರಲ್ಲಿ ಹೊಸದಾಗಿ ಬರೆದದ್ದರಿಂದ ಚೆಕ್ ತಿದ್ದುಪಡಿ ನಿಂತಿತು.

ಇದರ ಪಾಠಗಳನ್ನು ಕರ್ನಾಟಕದಷ್ಟು ದುಬಾರಿ ಬೆಲೆಗೆ ಕಲಿತ ರಾಜ್ಯ ವಿರಳ. 1973ರಲ್ಲಿ ರಾಜ್ಯ ಒಂದು ಕಾಯ್ದೆ ತಂದಿತು. ಹಿಂದಿನ ದಿನಾಂಕದಿಂದ ಬಡ್ತಿ ಕೊಟ್ಟು ಅದರ ಹಣವನ್ನೂ ಕೊಡಿ ಎಂದು ಹೈಕೋರ್ಟ್ ಆದೇಶಿಸಿದ್ದರೂ, ಕೋರ್ಟ್ ಆದೇಶ ಏನೇ ಇರಲಿ ಆ ಹಣ ಕೊಡತಕ್ಕದ್ದಲ್ಲ ಎಂಬುದು ಅದರ ಧ್ವನಿ. 1995ರಲ್ಲಿ ಎಸ್.ಆರ್. ಭಾಗವತ್ ಪ್ರಕರಣದಲ್ಲಿ ಅದು ಬಿತ್ತು. ಅದಕ್ಕೂ ಮೊದಲು 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಹರಿಯುವಂತೆ ಮಾಡಲು ಮಧ್ಯಂತರ ಆದೇಶ ಕೊಟ್ಟಾಗ, ತಿಂಗಳಲ್ಲೇ ರಾಜ್ಯ ಸರ್ಕಾರ ಕಾವೇರಿ ಜಲಾನಯನ ನೀರಾವರಿ ರಕ್ಷಣಾ ಸುಗ್ರೀವಾಜ್ಞೆ ಹೊರಡಿಸಿತು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದಾಗ ಸುಪ್ರೀಂ ಕೋರ್ಟ್ ನವೆಂಬರ್ 22ರಂದು ಅದನ್ನು ಅಸಾಂವಿಧಾನಿಕ ಎಂದಿತು: ರಾಜ್ಯ ತನ್ನದೇ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾಗಿದೆ, ಅದೂ ತನ್ನ ಗಡಿಯಾಚೆಗೆ ಪರಿಣಾಮ ಬೀರುವ ವಿಷಯದಲ್ಲಿ. ರೈತರ ಸಂಕಟ ನಿಜವಾಗಿತ್ತು, ಆರಿಸಿಕೊಂಡ ಆಯುಧ ಮಾತ್ರ ತಪ್ಪಾಗಿತ್ತು.

ಬಡ್ತಿ ಮೀಸಲಾತಿಯಲ್ಲಿ ರಾಜ್ಯ ಈ ಪಾಠ ಕಲಿತದ್ದು ಕಾಣುತ್ತದೆ. ಮೀಸಲಾತಿಯಡಿ ಬಡ್ತಿ ಪಡೆದವರ ಜ್ಯೇಷ್ಠತೆ ಉಳಿಸುವ 2002ರ ಜ್ಯೇಷ್ಠತಾ ಕಾಯ್ದೆಯನ್ನು 2017ರ ಫೆಬ್ರುವರಿ 9ರ ಬಿ.ಕೆ. ಪವಿತ್ರ ತೀರ್ಪು ರದ್ದು ಮಾಡಿದ್ದು, ಪ್ರಾತಿನಿಧ್ಯ ಸಾಲದು ಎಂದು ತೋರಿಸುವ ಅಂಕಿಅಂಶ ಇಲ್ಲ ಎಂಬ ಕಾರಣಕ್ಕೆ. ಸರ್ಕಾರ ತೀರ್ಪನ್ನು ಬೈಯುತ್ತ ಕೂರಲಿಲ್ಲ. ಅಂದಿನ ಅಪರ ಮುಖ್ಯ ಕಾರ್ಯದರ್ಶಿ ಕೆ. ರತ್ನಪ್ರಭಾ ಅವರ ಸಮಿತಿಯಿಂದ ಅಂಕಿಅಂಶ ಕಲೆಹಾಕಿಸಿ, ಅದರ ಮೇಲೆ ಹೊಸ ಕಾಯ್ದೆ ಕಟ್ಟಿತು. ಕಾಯ್ದೆಯ ಮಾತು ಬಹುಪಾಲು ಹಳೆಯದೇ, ಕೊರತೆ ಮಾತ್ರ ನೀಗಿತ್ತು. 2019ರ ಮೇ 10ರಂದು ಅದು ಉಳಿಯಿತು. 2021ರ ನ್ಯಾಯಮಂಡಳಿ ಕಾಯ್ದೆ ಬಿದ್ದದ್ದು ಯಾಕೆ ಎಂಬುದಕ್ಕೆ ಈ ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕು. ಅಲ್ಲಿ ಮಾತೂ ಹಳೆಯದು, ಕೊರತೆಯೂ ಹಳೆಯದು.

ಖಾಲಿ ಕುರ್ಚಿ

ಅಧಿಕಾರ ಕಿತ್ತುಕೊಳ್ಳದೆಯೂ ಕೋರ್ಟನ್ನು ಬಡವಾಗಿಸಬಹುದು, ಇದು ನನ್ನ ದೃಷ್ಟಿಯಲ್ಲಿ ಹೆಚ್ಚು ಅಪಾಯದ ದಾರಿ. ತುರ್ತುಪರಿಸ್ಥಿತಿಯಲ್ಲಿ ಇದು ಗಣಿತದ ರೂಪದಲ್ಲಿತ್ತು: ಕಾಯ್ದೆಯೊಂದನ್ನು ರದ್ದು ಮಾಡಲು ಸುಪ್ರೀಂ ಕೋರ್ಟಿನಲ್ಲಿ ಕನಿಷ್ಠ ಏಳು ಮಂದಿಯ ಪೀಠ, ಅದರಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು ಎಂದು 144ಎ ವಿಧಿ ಹೇಳುತ್ತಿತ್ತು. 43ನೇ ತಿದ್ದುಪಡಿ ಅದನ್ನು ಕಿತ್ತೆಸೆಯಿತು. ಈಗ ಅದು ಮುಂಗಡ ಠೇವಣಿಯ ರೂಪದಲ್ಲಿ ಬರುತ್ತದೆ. ಸಾಲ ವಸೂಲಿ ನ್ಯಾಯಮಂಡಳಿಯ ಮೊದಲ ಮೆಟ್ಟಿಲಲ್ಲೇ ಸಾಲಗಾರ, ಬ್ಯಾಂಕ್ ಕೇಳುವ ಮೊತ್ತದ 75 ಶೇಕಡಾ ಕಟ್ಟಬೇಕೆಂಬ ನಿಯಮವನ್ನು 2004ರ ಮರ್ಡಿಯಾ ತೀರ್ಪು ರದ್ದು ಮಾಡಿತು. ಮೇಲ್ಮನವಿಯ ಹಂತದ 50 ಶೇಕಡಾ ಉಳಿದಿದೆ, ಅದನ್ನು 25ಕ್ಕಿಂತ ಕೆಳಗೆ ಇಳಿಸುವ ಅಧಿಕಾರ ಮೇಲ್ಮನವಿ ಮಂಡಳಿಗೂ ಇಲ್ಲ.

ಎಲ್ಲಕ್ಕಿಂತ ಸದ್ದಿಲ್ಲದ ಉಪಾಯ ನೇಮಕ ಮಾಡದಿರುವುದು. ಸಿವಿಲ್ ಕೋರ್ಟುಗಳ ನ್ಯಾಯಾಧೀಶರ ಮೇಲೆ 235ನೇ ವಿಧಿ ಹೈಕೋರ್ಟಿಗೆ ಹಿಡಿತ ಕೊಟ್ಟಿದೆ. ನ್ಯಾಯಮಂಡಳಿಗಳಿಗೆ ಅಂಥ ಬೇಲಿಯಿಲ್ಲ, ಕುರ್ಚಿ, ಕಟ್ಟಡ, ಸಂಬಳ ಎಲ್ಲ ಇಲಾಖೆಯದು, ಎಷ್ಟೋ ಸಲ ಎದುರು ಪಕ್ಷದಲ್ಲಿ ನಿಲ್ಲುವುದೂ ಅದೇ ಇಲಾಖೆ. ನಾಲ್ಕು ವರ್ಷದ ಅವಧಿ ಯಾಕೆ ವಿವಾದ ಎನ್ನುವುದು ಇಲ್ಲಿ ಅರ್ಥವಾಗುತ್ತದೆ. ರದ್ದಾದ ನಿಯಮದಡಿ ಐವತ್ತರ ಒಳಗಿನ ಒಳ್ಳೆಯ ವಕೀಲರಿಗೆ ಪ್ರವೇಶವೇ ಇರಲಿಲ್ಲ, ಮೇಲಿನವರು ನಾಲ್ಕು ವರ್ಷಕ್ಕಾಗಿ ವೃತ್ತಿ ಬಿಟ್ಟು ಬರುವುದಿಲ್ಲ. ಉಳಿಯುವವರು ನಿವೃತ್ತರು, ಮರುನೇಮಕಕ್ಕೆ ಸರ್ಕಾರದ ಕಡೆ ನೋಡುವವರು. ಐದು ವರ್ಷ ಎಂದು ಕೋರ್ಟ್ ಪಟ್ಟು ಹಿಡಿದದ್ದು, ನೇಮಕಗಳಿಗೆ ರಾಷ್ಟ್ರೀಯ ನ್ಯಾಯಮಂಡಳಿ ಆಯೋಗವೊಂದನ್ನು ನಾಲ್ಕು ತಿಂಗಳಲ್ಲಿ ರಚಿಸಿ ಎಂದು ಆದೇಶಿಸಿದ್ದು ಇದಕ್ಕೇ. ಆದರೆ ಕೋರ್ಟ್ ಕಾಯ್ದೆಯನ್ನು ರದ್ದು ಮಾಡಬಲ್ಲದು, ಕುರ್ಚಿಯಲ್ಲಿ ಜನರನ್ನು ಕೂರಿಸಲು ಅದಕ್ಕೆ ಕೈ ಸಾಲದು.

ಜಿಎಸ್‌ಟಿ ಇದರ ಜೀವಂತ ಉದಾಹರಣೆ. ಕಾಯ್ದೆ ಜಾರಿಯಾದದ್ದು 2017ರ ಜುಲೈ 1ರಂದು. ಎರಡನೇ ಮೇಲ್ಮನವಿ ಜಿಎಸ್‌ಟಿ ಮೇಲ್ಮನವಿ ನ್ಯಾಯಮಂಡಳಿಗೆ ಎಂದು 112ನೇ ಸೆಕ್ಷನ್ ಅಂದೇ ಬರೆದಿತ್ತು. ನ್ಯಾಯಮಂಡಳಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 24ರಂದು. ನಡುವಿನ ಎಂಟು ವರ್ಷ ವ್ಯಾಪಾರಿಗಳು ಒಂದೋ ಹೈಕೋರ್ಟಿಗೆ ರಿಟ್ ಹಾಕಿದರು, ಇಲ್ಲವೇ ಆದೇಶದ ಪ್ರತಿ ಕಡತದಲ್ಲಿಟ್ಟುಕೊಂಡು ಕಾದರು. ಅಂಥ ಹಳೆಯ ಆದೇಶಗಳ ಮೇಲೆ, ಅಂದರೆ 2026ರ ಏಪ್ರಿಲ್ 1ಕ್ಕಿಂತ ಮೊದಲು ಕೈಸೇರಿದವುಗಳ ಮೇಲೆ, ಮೇಲ್ಮನವಿ ಸಲ್ಲಿಸಲು ಗೊತ್ತುಪಡಿಸಿದ ಕೊನೆಯ ದಿನ 2026ರ ಜೂನ್ 30. ತಕರಾರಿರುವ ತೆರಿಗೆಯಲ್ಲಿ ಮೊದಲ ಮೇಲ್ಮನವಿಗೆ ಕಟ್ಟಿದ 10 ಶೇಕಡಾ ಅಲ್ಲದೆ ಇನ್ನೂ 10 ಶೇಕಡಾ ಕಟ್ಟಿಯೇ ಆ ಮೆಟ್ಟಿಲು ಹತ್ತಬೇಕು.